ಬೂನ್‌ಡಾಗಲ್ ಅಂದವರು ಯಾರು?

ಪತ್ರಿಕೆಯ ಡೆಸ್ಕ್‌ಗೆ ಸೇರಿ ಆಗ ಎರಡು ವರ್ಷವಾಗಿತ್ತು. ಒಂದು ರಾತ್ರಿ ಪಾಳಿಯಲ್ಲಿ ಅಮೆರಿಕದ ರೈಲು ಯೋಜನೆಯೊಂದರ ಏಜೆನ್ಸಿ ಸುದ್ದಿ ಬಂತು. ಅದನ್ನು ವಿರೋಧಿಸುವವರೊಬ್ಬರು ಯೋಜನೆಯನ್ನು ‘ಬೂನ್‌ಡಾಗಲ್’, ಅಂದರೆ ಸರ್ಕಾರದ ಹಣ ಹಾಳುಮಾಡುವ ಕೆಲಸ, ಅಂತ ಕರೆದಿದ್ದರು. ನಾನು ‘ದುಂದುವೆಚ್ಚದ ರೈಲು’ ಅಂತ ಹೆಡಿಂಗ್ ಕೊಟ್ಟು ಪುಟಕ್ಕೆ ಕಳಿಸಿದೆ.

ಚೀಫ್ ಸಬ್ ಎಡಿಟರ್ ಮೇಡಂ ಪುಟ ನೋಡಿ ಕರೆದರು. “ದುಂದುವೆಚ್ಚ ಅಂತ ಹೇಳಿದ್ದು ಯಾರು? ನಾವಾ?”

ಅವರು ಕೇಳಿದ್ದು ಸರಿ. ಒಬ್ಬರ ಆರೋಪವನ್ನು ನಾನು ಪತ್ರಿಕೆಯ ತೀರ್ಪು ಮಾಡಿಬಿಟ್ಟಿದ್ದೆ.

ಪಾಳಿ ಮುಗಿದ ಮೇಲೆ ಆ ಪದದ ಹಿಂದೆ ಬಿದ್ದೆ. ಬೂನ್‌ಡಾಗಲ್ ಅಂದರೆ ಮೊದಲು ಸ್ಕೌಟ್ ಹುಡುಗರು ಹೆಣೆಯುತ್ತಿದ್ದ ಬಣ್ಣದ ದಾರ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಸ್ಕೌಟ್ ಮಾಸ್ಟರ್ ರಾಬರ್ಟ್ ಲಿಂಕ್ ಈ ಪದ ಹುಟ್ಟಿಸಿದರು ಎನ್ನುತ್ತಾರೆ. 1929ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸ್ಕೌಟ್‌ಗಳ ದೊಡ್ಡ ಮೇಳ ಜಾಂಬೂರಿಯಲ್ಲಿ ಅಂಥದ್ದೊಂದನ್ನು ವೇಲ್ಸ್ ರಾಜಕುಮಾರನಿಗೂ ಕೊಟ್ಟಿದ್ದರು.

ಆಮೇಲೆ ಮಹಾ ಆರ್ಥಿಕ ಕುಸಿತ ಬಂತು. 1935ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಕೆಲಸವಿಲ್ಲದವರಿಗಾಗಿ ನಡೆಸುತ್ತಿದ್ದ ಪರಿಹಾರ ಕೆಲಸಗಳ ತನಿಖೆ ನಡೆಯಿತು. ಕರಕುಶಲ ಕೆಲಸ ಕಲಿಸುತ್ತಿದ್ದ ರಾಬರ್ಟ್ ಮಾರ್ಷಲ್ ಎಂಬಾತ, ತಾನು ಬೂನ್‌ಡಾಗಲ್ ಮಾಡುವುದನ್ನೂ ಕಲಿಸುತ್ತೇನೆ ಅಂದ. ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ಮೊದಲ ಪುಟದಲ್ಲೇ ಅದು ಬಂತು: ಕೆಲಸವಿಲ್ಲದವರಿಗೆ ಆಟ ಕಲಿಸಲು 30 ಲಕ್ಷ ಡಾಲರಿಗೂ ಜಾಸ್ತಿ ಖರ್ಚು! ಒಂದು ಹೆಡಿಂಗ್‌ಗೆ ಪದದ ಅರ್ಥವೇ ಬದಲಾಯಿತು. ಆಗಿನ ಅಮೆರಿಕ ಅಧ್ಯಕ್ಷ ರೂಸ್‌ವೆಲ್ಟ್ ಅವರ ವಿರೋಧಿಗಳು ಸರ್ಕಾರ ಹಣ ಹಾಕಿದ ಯಾವ ಕೆಲಸವನ್ನೂ ಆ ಪದದಿಂದ ಬೈಯದೆ ಬಿಡಲಿಲ್ಲ. 1936ರಲ್ಲಿ ರೂಸ್‌ವೆಲ್ಟ್ ಉತ್ತರ ಕೊಟ್ಟರು. ಬೂನ್‌ಡಾಗಲ್ ಮಾಡಿ ಈ ಕುಸಿತದಿಂದ ಹೊರಬಂದರೆ, ಜನ ಆ ಪದವನ್ನು ಎದೆಯಲ್ಲಿಟ್ಟುಕೊಳ್ಳುತ್ತಾರೆ ಅಂದರು. ಕೆಲಸವಿಲ್ಲದವರಿಗೆ ಕೆಲಸ ಕೊಡಲು ಅವರ ಸರ್ಕಾರ ತಂದ ಡಬ್ಲ್ಯುಪಿಎ ಯೋಜನೆ 1943ರವರೆಗೆ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ರಸ್ತೆ, ಸೇತುವೆ, ಶಾಲೆ ಕಟ್ಟಿಸಿತು.

ಹಾಗಾಗಿ ದುಂದುವೆಚ್ಚ ಅನ್ನುವುದು ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಸಾಲ ಮಾಡಿ ಮದುವೆಗೆ ಸುರಿಯುವುದು ದುಂದುವೆಚ್ಚ. ಬೂನ್‌ಡಾಗಲ್ ಅನ್ನುವಾಗ ಹಣ ಜನರದ್ದು, ಕೆಲಸವೂ ನಡೆಯುತ್ತಿರುತ್ತದೆ, ಆದರೆ ನೋಡುವವರ ಕಣ್ಣಿಗೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆ ನೋಡುವವರು ಯಾರು ಅನ್ನುವುದೇ ಮುಖ್ಯ, ಅಲ್ವಾ?

ಅವತ್ತು ಮೇಡಂ ಹೆಡಿಂಗ್ ತಿದ್ದಿದರು: ‘ರೈಲು ಯೋಜನೆ ದಂಡದ ಖರ್ಚು: ವಿರೋಧಿಗಳ ಟೀಕೆ’. ಈಗ ಇಂಥ ಸುದ್ದಿ ಬಂದರೆ ಬೈದವರ ಹೆಸರು ಮೊದಲು ಹುಡುಕುತ್ತೇನೆ. ಆ ಕೆಲಸದಿಂದ ಸಂಬಳ ಸಿಗುವವರ ಮಾತೂ ಇದೆಯಾ ಅಂತ ಕೊನೆಯವರೆಗೆ ಓದುತ್ತೇನೆ. ಅದು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿರುತ್ತದೆ. ಪುಟದಲ್ಲಿ ಜಾಗ ಸಾಲದಿದ್ದರೆ ನಾವು ಮೊದಲು ಕತ್ತರಿಸುವುದು ಆ ಪ್ಯಾರಾವನ್ನೇ.