ಕಸ್ಟರ್ ಸಿನಿಮಾ ನೋಡಿದವರು ಒಮ್ಮೆ ಈ ಗುಡ್ಡಕ್ಕೂ ಬರಬೇಕು

ಹಳೇ ಹಾಲಿವುಡ್ ಸಿನಿಮಾ ಇಷ್ಟಪಡುವವರಿಗೆ 1941ರ ‘ದೇ ಡೈಡ್ ವಿತ್ ದೇರ್ ಬೂಟ್ಸ್ ಆನ್’ ಗೊತ್ತಿರುತ್ತದೆ. ರೌಲ್ ವಾಲ್ಷ್ ನಿರ್ದೇಶನ, ಎರಾಲ್ ಫ್ಲಿನ್ ಹೀರೋ. ಅಮೆರಿಕದ ಸೈನ್ಯದ ಏಳನೇ ಕ್ಯಾವಲ್ರಿ, ಅಂದರೆ ಕುದುರೆ ದಳದ ಜಾರ್ಜ್ ಕಸ್ಟರ್‌ನ ಕಥೆ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಹತ್ತಿರ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಾದ ಸೂ ಮತ್ತು ಶಯೆನ್ ಜನರ ಯೋಧರು ಅವನನ್ನೂ ಅವನ ಜೊತೆಗಿದ್ದ ಐದು ತುಕಡಿಗಳನ್ನೂ ಪೂರ್ತಿ ಮುಗಿಸಿಬಿಟ್ಟರು. ನಾನೀಗ ಇರುವುದು ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ. ಆ ಯುದ್ಧಕ್ಕೆ ಕಾರಣವಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಶುರುವಾಗುವುದೇ ನಮ್ಮ ಊರಿನ ಅಂಚಿನಿಂದ. ಹಾಗಾಗಿ ಈ ಸಿನಿಮಾವನ್ನು ಸುಮ್ನೆ ನೋಡಿ ಮರೆಯಲು ನನಗೆ ಆಗುವುದಿಲ್ಲ.

ಸಿನಿಮಾದಲ್ಲಿ ಕಸ್ಟರ್ ಸೂ ನಾಯಕ ಕ್ರೇಜಿ ಹಾರ್ಸ್‌ಗೆ ಮಾತು ಕೊಡುತ್ತಾನೆ. ಬ್ಲ್ಯಾಕ್ ಹಿಲ್ಸ್ ನಿಮ್ಮದೇ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಅಂತ. ಆಮೇಲೆ ದುರಾಸೆಯ ವ್ಯಾಪಾರಿಗಳು ಅಲ್ಲಿ ಚಿನ್ನ ಇದೆ ಎಂದು ಸುಳ್ಳು ಸುದ್ದಿ ಹಬ್ಬಿಸುತ್ತಾರೆ, ಯುದ್ಧ ಬರುತ್ತದೆ. ನಡೆದದ್ದು ಇದಕ್ಕೆ ತದ್ವಿರುದ್ಧ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಈ ಬೆಟ್ಟಗಳನ್ನು ಸೂ ಜನರಿಗೇ ಬಿಟ್ಟುಕೊಡಲಾಗಿತ್ತು. ಹೊರಗಿನವರನ್ನು ತಡೆಯುವ ಹೊಣೆ ಸರ್ಕಾರದ್ದು. 1874ರಲ್ಲಿ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ಬೆಟ್ಟದೊಳಗೆ ನುಗ್ಗಿದವನು ಇದೇ ಕಸ್ಟರ್. ಚಿನ್ನ ಸಿಕ್ಕಿತು ಎಂಬ ಸುದ್ದಿ ಹೊರಬಿದ್ದದ್ದು ಅವನ ದಂಡಿನಿಂದಲೇ, ಅದು ಸುಳ್ಳೂ ಆಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಚಿನ್ನ ಸಿಕ್ಕ ಫ್ರೆಂಚ್ ಕ್ರೀಕ್ ಹಳ್ಳದ ಪಕ್ಕದ ಊರಿಗೆ ಇವತ್ತಿಗೂ ಕಸ್ಟರ್ ಎಂದೇ ಹೆಸರು.

ಸಿನಿಮಾ ಚೆನ್ನಾಗಿಲ್ಲ ಎಂದು ಹೇಳುತ್ತಿಲ್ಲ. ಕುದುರೆಗಳ ಓಟ, ದಳದ ‘ಗ್ಯಾರಿ ಓವನ್’ ಹಾಡು, ಎಲ್ಲ ಮೈ ಜುಮ್ಮೆನ್ನಿಸುತ್ತದೆ. ಕೊನೇ ಯುದ್ಧಕ್ಕೆ ಹೊರಡುವ ಮೊದಲು ಕಸ್ಟರ್ ಹೆಂಡತಿ ಲಿಬ್ಬಿಯಿಂದ ಬೀಳ್ಕೊಳ್ಳುವ ದೃಶ್ಯವಂತೂ ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತದೆ. ಲಿಬ್ಬಿಯಾಗಿ ಒಲಿವಿಯಾ ಡಿ ಹ್ಯಾವಿಲೆಂಡ್. ಫ್ಲಿನ್ ಮತ್ತು ಅವರು ಜೋಡಿಯಾಗಿ ಮಾಡಿದ ಕೊನೆಯ ಸಿನಿಮಾ ಇದು. ಇಷ್ಟು ಒಳ್ಳೆಯ ನಟನೆ ಇರುವುದರಿಂದಲೇ ಸುಳ್ಳು ಕೂಡ ಸಲೀಸಾಗಿ ಮನಸ್ಸಿಗೆ ಇಳಿಯುತ್ತದೆ ಅಲ್ವಾ?

ಯುದ್ಧಭೂಮಿಗೆ ನಮ್ಮಿಂದ ಕಾರಿನಲ್ಲಿ ಹೆಚ್ಚುಕಡಿಮೆ ಅರ್ಧ ದಿನದ ದಾರಿ. ಬರೀ ಹುಲ್ಲುಗುಡ್ಡಗಳು. ಹೈವೇ 212 ಶಯೆನ್ ಜನರ ರಿಸರ್ವೇಶನ್, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಪ್ರದೇಶದ ಮಧ್ಯದಿಂದಲೇ ಹಾದುಹೋಗುತ್ತದೆ. ಯುದ್ಧಭೂಮಿಗೆ ಹೋಗಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಬಿಳಿ ಕಲ್ಲುಗಳು. ಸೈನಿಕರು ಬಿದ್ದ ಕಡೆಯಲ್ಲೇ ಅಮೃತಶಿಲೆಯ ಸಣ್ಣ ಕಲ್ಲು ನೆಟ್ಟಿದ್ದಾರೆ. ಸಾಲಾಗಿ ಇಲ್ಲ. ಇಳಿಜಾರಿನಲ್ಲಿ ಎರಡು, ಕೊರಕಲಿನ ಹತ್ತಿರ ಒಂದು, ದಿಬ್ಬದ ತುದಿಯಲ್ಲಿ ಗುಂಪಾಗಿ. ಯಾರು ಎಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡರು ಎಂದು ನೋಡುತ್ತಲೇ ಊಹಿಸಬಹುದು. ದಿಬ್ಬದ ಮೇಲೆ ಕುದುರೆಗಳಿಗೂ ಒಂದು ಗುರುತುಕಲ್ಲು ಇದೆ. ಮರೆಗೆ ಬೇರೇನೂ ಇಲ್ಲದೆ ಸೈನಿಕರು ತಮ್ಮ ಕುದುರೆಗಳನ್ನೇ ಗುಂಡಿಟ್ಟು ಕೆಡವಿ ಅಡ್ಡ ಇಟ್ಟುಕೊಂಡಿದ್ದರು. ಸಿನಿಮಾದಲ್ಲಿ ಇದು ಬಯಲಲ್ಲಿ ನಡೆಯುವ ಕಾಳಗ, ಗುಂಡು ಮುಗಿದ ಮೇಲೆ ಫ್ಲಿನ್ ಕತ್ತಿ ಹಿರಿಯುತ್ತಾನೆ. ಇಲ್ಲಿ ನೆಲ ಹೆಜ್ಜೆಹೆಜ್ಜೆಗೂ ಮಡಚಿಕೊಂಡಿದೆ, ಮುಂದಿನ ತಗ್ಗಿನಲ್ಲಿ ಯಾರಿದ್ದಾರೆ ಎನ್ನುವುದೂ ಕಾಣುವುದಿಲ್ಲ. ಕತ್ತಿಗಳನ್ನಂತೂ ದಳ ಮೊದಲೇ ಹಿಂದೆ ಬಿಟ್ಟು ಬಂದಿತ್ತು.

ಕಸ್ಟರ್ ಮನೆಯವರು ಐದು ಮಂದಿ ಅವತ್ತು ಸತ್ತರು. ಅವನು, ಇಬ್ಬರು ತಮ್ಮಂದಿರು, ಅಕ್ಕನ ಮಗ, ತಂಗಿಯ ಗಂಡ. ಆದರೆ ಕೆಳಗೆ ನದಿಯ ಪಕ್ಕ ಇದ್ದದ್ದು ಸಾವಿರಾರು ಜನರ ದೊಡ್ಡ ಊರು. ಹೆಂಗಸರು, ಮಕ್ಕಳು, ಮುದುಕರು ಎಲ್ಲ ಅಲ್ಲಿದ್ದರು. ಕ್ಯಾವಲ್ರಿಯ ಮೊದಲ ದಾಳಿ ಬಿದ್ದದ್ದು ಆ ಊರಿನ ಮೇಲೆ. ಸೂ ಜನರಲ್ಲೇ ಒಂದು ಪಂಗಡವಾದ ಲಕೋಟಗಳ ನಾಯಕ ಗಾಲ್‌ನ ಇಬ್ಬರು ಹೆಂಡಿರು, ಮೂವರು ಮಕ್ಕಳು ಅವತ್ತು ಸತ್ತರು. ಅದಾದ ಮೇಲೆಯೇ ಅವನು ಆ ಪರಿ ಕಾದಾಡಿದ್ದು. ನನಗೆ ಈ ಸಿನಿಮಾದ ಮೇಲಿರುವ ದೊಡ್ಡ ದೂರು ಇದೇ. ಲಿಬ್ಬಿಯ ದುಃಖಕ್ಕೆ ಅಷ್ಟು ಜಾಗ ಕೊಟ್ಟವರು ಗಾಲ್‌ನ ಮನೆಯವರಿಗೆ ಒಂದು ದೃಶ್ಯವನ್ನೂ ಕೊಟ್ಟಿಲ್ಲ. ಕ್ರೇಜಿ ಹಾರ್ಸ್ ಪಾತ್ರ ಕೂಡ ಮೆಕ್ಸಿಕೋದಲ್ಲಿ ಹುಟ್ಟಿದ ಆಂಥನಿ ಕ್ವಿನ್‌ಗೆ ಹೋಯಿತು. ನಿಜವಾದ ಕ್ರೇಜಿ ಹಾರ್ಸ್ ಮರುವರ್ಷವೇ, 1877ರಲ್ಲಿ, ಸೈನ್ಯದ ಠಾಣೆ ಫೋರ್ಟ್ ರಾಬಿನ್‌ಸನ್‌ನಲ್ಲಿ ಕಾವಲಿನವನ ಬಯೊನೆಟ್ ಇರಿತಕ್ಕೆ ಸತ್ತ.

ಇನ್ನೊಂದು ವಿಷಯ. ಈ ಯುದ್ಧಭೂಮಿ ಇರುವುದು ಇನ್ನೊಂದು ಬುಡಕಟ್ಟಾದ ಕ್ರೋ ಜನರ ರಿಸರ್ವೇಶನ್‌ನಲ್ಲಿ. ಕ್ರೋಗಳಿಗೂ ಲಕೋಟಗಳಿಗೂ ಹಳೇ ಹಗೆ. ಅದಕ್ಕೇ ಕೆಲವು ಕ್ರೋ ಯುವಕರು ಕಸ್ಟರ್‌ಗೆ ದಾರಿ ತೋರಿಸಲು ಬಂದಿದ್ದರು. ಬಿಳಿಯರು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ ಎಂದು ನೋಡಿದರೆ ಈ ಚರಿತ್ರೆ ಅರ್ಥವಾಗುವುದಿಲ್ಲ.

1991ರ ತನಕ ಈ ಜಾಗಕ್ಕೂ ಕಸ್ಟರ್ ಹೆಸರೇ ಇತ್ತು. ಸೂ, ಶಯೆನ್ ಯೋಧರು ಸತ್ತ ಜಾಗದಲ್ಲಿ ಕೆಂಪು ಗ್ರಾನೈಟ್ ಕಲ್ಲುಗಳು ಬಂದದ್ದು ಈಚೆಗೆ. ಅವರ ಸ್ಮಾರಕ ಆದದ್ದು 2003ರಲ್ಲಿ. ತಂತಿಯಲ್ಲಿ ಮಾಡಿದ ಕುದುರೆ ಸವಾರರು, ಅವರ ಒಳಗಿಂದ ಆಕಾಶ ಕಾಣುತ್ತದೆ. ತುಂಬಾ ಚೆಂದದ ಕೆಲಸ.

ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ವ್ಯಾಜ್ಯ ಮಾತ್ರ ಮುಗಿದಿಲ್ಲ. ಸರ್ಕಾರ ಅವನ್ನು ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ಸೂ ಜನರಿಗೆ ಪರಿಹಾರ ಕೊಡಬೇಕು ಎಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಬಡ್ಡಿ ಸೇರಿ 10 ಕೋಟಿ ಡಾಲರ್‌ಗೂ ಜಾಸ್ತಿ. ಈಗ ಅದು ಬೆಳೆದು 100 ಕೋಟಿ ಡಾಲರ್ ದಾಟಿದೆ. ಸೂ ಜನ ಮುಟ್ಟಿಲ್ಲ. ಅಷ್ಟು ಬಡತನ ಇರುವ ಲಕೋಟಗಳ ರಿಸರ್ವೇಶನ್ ಪೈನ್ ರಿಡ್ಜ್‌ನ ಜನ ಕೂಡ ಬೇಡ ಎಂದಿದ್ದಾರೆ. ನನ್ನ ಜೊತೆ ಕೆಲಸ ಮಾಡುವ ಲಕೋಟ ಹೆಂಗಸೊಬ್ಬರನ್ನು ಇದರ ಬಗ್ಗೆ ಕೇಳಿದ್ದೆ. “ಮಾರಾಟಕ್ಕೆ ಇಟ್ಟಿದ್ದರೆ ತಾನೇ ದುಡ್ಡು ತೊಗೊಳ್ಳೋದು?” ಎಂದರು.

ಊರಿಂದ ಈ ಕಡೆ ಬರುವವರು ಮೌಂಟ್ ರಶ್‌ಮೋರ್ ನೋಡಿ ವಾಪಸ್ ಹೋಗುತ್ತಾರೆ. ಇನ್ನೊಂದು ದಿನ ಇಟ್ಟುಕೊಂಡು ಬನ್ನಿ. ಬೇಸಿಗೆಯಲ್ಲಿ ಬಂದರೆ ಕ್ರೋ ಜನರೇ ಬಸ್ಸಿನಲ್ಲಿ ಕೂರಿಸಿಕೊಂಡು ಯುದ್ಧಭೂಮಿ ಸುತ್ತಿಸುತ್ತಾರೆ, ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾರೆ. ನೀರು, ಟೋಪಿ ತನ್ನಿ. ಬುಡುಬುಡಿಕೆ ಹಾವುಗಳಿವೆ, ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ.