ಒಂದು ಹಳ್ಳ, ಎರಡು ದೇಶ

ಜರ್ಮನಿಯ ಮ್ಯೋಡ್ಲಾರಾಯ್ಟ್ ಅನ್ನೋ ಪುಟ್ಟ ಹಳ್ಳಿಯ ವಿಷಯ ನಿನ್ನೆಯಿಂದ ತಲೆಯಿಂದ ಹೋಗುತ್ತಿಲ್ಲ. ಅಲ್ಲಿರೋರು ಸುಮಾರು ಐವತ್ತು ಜನ. ಊರ ನಡುವೆ ಟಾನ್‌ಬಾಖ್ ಅಂತ ಒಂದು ಹಳ್ಳ ಹರಿಯುತ್ತದೆ, ಮಕ್ಕಳೂ ಹಾರಿ ದಾಟುವಷ್ಟು ಚಿಕ್ಕದು. 1810ರಲ್ಲಿ ಎರಡು ಸಂಸ್ಥಾನಗಳ ಗಡಿ ಅಂತ ಅದರ ಪಕ್ಕ ಕಲ್ಲು ನೆಟ್ಟರು. ಅದರಿಂದ ಯಾರಿಗೂ ಅಂಥ ತೊಂದರೆ ಆಗಲಿಲ್ಲ, ಊರು ಒಂದೇ ಆಗಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಗೆರೆಯ ಒಂದು ಕಡೆ ಅಮೆರಿಕದ ಹಿಡಿತ, ಇನ್ನೊಂದು ಕಡೆ ಸೋವಿಯತ್ ಹಿಡಿತ. 1949ರಲ್ಲಿ ಅದೇ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿ ಅನ್ನೋ ಎರಡು ದೇಶಗಳ ಗಡಿಯಾಯಿತು. 1952ರಲ್ಲಿ ಮರದ ಬೇಲಿ ಬಂತು, 1966ರಲ್ಲಿ 700 ಮೀಟರ್ ಉದ್ದದ ಕಾಂಕ್ರೀಟ್ ಗೋಡೆಯೇ ಎದ್ದಿತು. ಅಮೆರಿಕದ ಸೈನಿಕರು ಊರನ್ನು ‘ಲಿಟಲ್ ಬರ್ಲಿನ್’ ಅಂತ ಕರೆಯುತ್ತಿದ್ದರು. ನನಗೆ ಜಾಸ್ತಿ ಕಾಡಿದ್ದು ಗೋಡೆ ಅಲ್ಲ. ಪೂರ್ವದ ಕಡೆಯವರು ಆಚೆ ಇರೋ ತಮ್ಮವರಿಗೆ ಸುಮ್ನೆ ಕೈ ಬೀಸುವ ಹಾಗೂ ಇರಲಿಲ್ಲವಂತೆ. ಕೂಗಿದರೆ ಕೇಳುವಷ್ಟು ಹತ್ತಿರ ಇದ್ದುಕೊಂಡು, ಕಣ್ಣೆದುರೇ ಓಡಾಡುವವರ ಕಡೆ ಕೈ ಎತ್ತದೆ ವರ್ಷಗಟ್ಟಲೆ ಬದುಕೋದು ಎಷ್ಟು ಕಷ್ಟ, ಅಲ್ವಾ?

1989ರ ಡಿಸೆಂಬರ್ 9ರಂದು, ಬರ್ಲಿನ್ ಗೋಡೆ ತೆರೆದ ಸರಿಯಾಗಿ ಒಂದು ತಿಂಗಳಿಗೆ, ಇಲ್ಲೂ ದಾರಿ ಬಿಟ್ಟರು. ಈಗಲೂ ಅರ್ಧ ಊರು ಬವೇರಿಯಾ ರಾಜ್ಯದಲ್ಲಿದೆ, ಇನ್ನರ್ಧ ಥುರಿಂಗಿಯಾ ರಾಜ್ಯದಲ್ಲಿ. ಪಿನ್ ಕೋಡ್ ಕೂಡ ಬೇರೆ ಬೇರೆ. ಗೋಡೆಯ ಒಂದು ತುಂಡನ್ನು ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಜರ್ಮನಿಯಲ್ಲಿರೋ ಗೆಳೆಯರೇ, ಹತ್ತಿರದ ಹೋಫ್ ಪಟ್ಟಣದ ಕಡೆ ಹೋದರೆ ದಯವಿಟ್ಟು ನೋಡಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.