ಕಲ್ಲಿನಲ್ಲಿ ಕೊರೆದ ಬೈಗುಳ

ಇಂದು ಸಿಗ್ನಲ್‌ನಲ್ಲಿ ಎರಡು ಬೈಕ್‌ಗಳ ಕನ್ನಡಿ ತಾಗಿದವು. ಬೈಗುಳ ಬಿದ್ದದ್ದು ಮಾತ್ರ ಅಲ್ಲಿ ಇಲ್ಲದ ಒಬ್ಬ ತಾಯಿಯ ಮೇಲೆ.

ಕೊಂಕಣವನ್ನಾಳಿದ ಶಿಲಾಹಾರ ಅರಸರ ಕಾಲದ ಕತ್ತೆಗಲ್ಲುಗಳು ನೆನಪಾದವು. ಮಹಾರಾಷ್ಟ್ರ, ಗೋವಾಗಳಲ್ಲಿ ಈಗಲೂ ನೋಡಲು ಸಿಗುತ್ತವೆ. ಮೇಲೆ ಸೂರ್ಯ ಚಂದ್ರರು, ನಡುವೆ ದಾನದ ಬರಹ, ಕೆಳಗೆ ಹೆಂಗಸಿನ ಮೇಲೆ ಎರಗಿದ ಕತ್ತೆ. ದಾನದ ಭೂಮಿಯನ್ನು ಕಸಿದವನ ತಾಯಿಗೆ ಇದೇ ಗತಿ ಎಂಬ ಶಾಪ. ಅಕ್ಷರ ಬಾರದವನಿಗೂ ಅರ್ಥವಾಗುತ್ತದೆ.

ಆ ಹೆಂಗಸನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳು ಯಾರ ಹೊಲವನ್ನು ಕಸಿದಿದ್ದಳು?

ನಮ್ಮ ಕನ್ನಡ ಶಾಸನಗಳೂ ಶಪಿಸುತ್ತವೆ. ಎಷ್ಟೋ ಶಾಸನಗಳ ಕೊನೆಗೆ ಬರುವ ಸಂಸ್ಕೃತ ಶ್ಲೋಕದ ಪ್ರಕಾರ, ದಾನದ ಭೂಮಿಯನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಘೋರವೇ ಹೌದು. ಆದರೆ ಹುಳುವಾಗುವವನು ಕದ್ದವನೇ, ಅವನ ತಾಯಿಯಲ್ಲ.